ಮೊದಲು ಕೂರುತ್ತಿದ್ದ ಮಹದೇವಮ್ಮನವರು

ಅರಸೀಕೆರೆ, ಬೇಲೂರು, ಹಳೇಬೀಡಿನ ಸುತ್ತಮುತ್ತ ಬ್ಯಾಟರಿ ಗಾಲಿಕುರ್ಚಿಯಲ್ಲಿ ಓಡಾಡುವ ಯಾರನ್ನಾದರೂ ‘ಕುರ್ಚಿ ಕೆಟ್ಟರೆ ಯಾರನ್ನು ಕರೆಯುತ್ತೀರಿ’ ಎಂದು ಕೇಳಿ ನೋಡಿ. ಅವರು ಸಂಸ್ಥೆಯ ಹೆಸರು ಹೇಳುವುದಿಲ್ಲ, ಮಹದೇವಮ್ಮನವರ ಹೆಸರು ಹೇಳುತ್ತಾರೆ. ಅರಸೀಕೆರೆಯ ಸುಗಮ ಸಂಚಾರ ಕೇಂದ್ರದಲ್ಲಿ ಇಪ್ಪತ್ತೆರಡು ವರ್ಷ ದುರಸ್ತಿಯ ಕೆಲಸ ಮಾಡಿ ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿರುವ ಆ ಹಿರಿಯರ ಬಗ್ಗೆ ಬರೆಯುವ ಯೋಗ್ಯತೆ ಹಲವರಿಗಿದೆ. ನನಗಿಲ್ಲ. ಇದು ಅಭಿನಂದನ ಗ್ರಂಥಗಳಲ್ಲಿ ವಾಡಿಕೆಗೆ ಬರೆಯುವ ವಿನಯದ ಮಾತಲ್ಲ ಎಂಬುದು ಮುಂದೆ ಓದಿದವರಿಗೆ ತಿಳಿಯುತ್ತದೆ. ಈ ಗ್ರಂಥದ ಸಂಪಾದಕಿ, ಹಳೇಬೀಡಿನ ಬ್ರಾಹ್ಮಿಯವರು ಮೂರು ಸಲ ಫೋನ್ ಮಾಡಿದ ಮೇಲೆ, ನನ್ನ ನೆಪಗಳೆಲ್ಲ ಮುಗಿದು, ತಲೆ ತಗ್ಗಿಸಿಕೊಂಡೇ ಬರೆಯಲು ಕೂತಿದ್ದೇನೆ.

ಮಹದೇವಮ್ಮನವರು ಗಂಡಸಿಯವರು. ತೆಂಗಿನ ತೋಟಗಳ ಪಂಪುಸೆಟ್ಟು ಸುಟ್ಟಾಗ ಜನ ಮೋಟಾರು ಹೊತ್ತು ತರುತ್ತಿದ್ದುದು ಅವರ ತಂದೆಯ ಅಂಗಡಿಗೆ. ತಂದೆಯ ಕಣ್ಣು ಮಂಜಾದ ಮೇಲೆ ತಾಮ್ರದ ತಂತಿ ಸುತ್ತುವ ಕೆಲಸ ಮಗಳ ಕೈಗೆ ಬಂತು. ಓದಿದ್ದು ಎಸ್ಸೆಸ್ಸೆಲ್ಸಿ. ಕೇಂದ್ರಕ್ಕೆ ಸೇರಿದಾಗ ಅಲ್ಲಿದ್ದವು ಕೈಯಿಂದ ತಿರುಗಿಸುವ ಮೂರುಗಾಲಿ ಸೈಕಲ್ಲುಗಳು ಮಾತ್ರ. ಆಮೇಲೆ ಬಂದ ಬ್ಯಾಟರಿ ಕುರ್ಚಿಗಳನ್ನು ಅವರು ಬಿಚ್ಚಿ, ಜೋಡಿಸಿ, ಕೆಡಿಸಿ, ಸರಿಪಡಿಸಿ ಕಲಿತರು. ಡಿಪ್ಲೊಮಾ ಮುಗಿಸಿ 2014ರಲ್ಲಿ ಅವರ ಕೈಕೆಳಗೆ ಸೇರಿದ ನಾನು, ಅವರ ಓದನ್ನೂ ನನ್ನ ಓದನ್ನೂ ದಿನಕ್ಕೊಮ್ಮೆಯಾದರೂ ಪಕ್ಕಪಕ್ಕ ಇಟ್ಟು ನೋಡಿ ಒಳಗೊಳಗೇ ಬೀಗುತ್ತಿದ್ದೆ.

ಅವರ ಪದ್ಧತಿ ನನಗೆ ನಗು ತರಿಸುತ್ತಿತ್ತು. ಯಾವ ಮನೆಗೆ ಹೋದರೂ ಚೀಲವನ್ನು ಬಾಗಿಲ ಬಳಿ ಇಟ್ಟು ಜಗಲಿಯ ಮೇಲೆ ಕೂತುಬಿಡುತ್ತಿದ್ದರು. ನೀರು ಕೇಳುವರು, ಊರ ಸುದ್ದಿ ಕೇಳುವರು, ಕುರ್ಚಿಯನ್ನು ಎಲ್ಲಿ ನಿಲ್ಲಿಸುತ್ತೀರಿ, ಯಾರು ಚಾರ್ಜಿಗೆ ಹಾಕುತ್ತಾರೆ, ಯಾರು ತೆಗೆಯುತ್ತಾರೆ ಎಂದು ಕೇಳುವರು. ನಾನು ಮೀಟರಿಗೆ ಕೈ ಹಾಕಿದರೆ ತಡೆಯುವರು: “ಮೊದ್ಲು ಕೂತ್ಕೊಳಪ್ಪ. ಮೀಟ್ರು ಎಲ್ಲಿಗ್ ಓಡೋಯ್ತದೆ?”

ಬಿಕ್ಕೋಡಿನ ತಿಮ್ಮಯ್ಯನವರ ಪ್ರಸಂಗ ನೆನಪಾಗುತ್ತದೆ. ಕಾಫಿ ಎಸ್ಟೇಟಿನಲ್ಲಿ ಮರದಿಂದ ಬಿದ್ದು ನಡಿಗೆ ಕಳೆದುಕೊಂಡವರು. ಅವರ ಕುರ್ಚಿ ಅಂಗಳದಲ್ಲಿ ಚೆನ್ನಾಗಿಯೇ ಓಡುತ್ತಿತ್ತು. ನನ್ನ ಮೀಟರೂ ಎಲ್ಲ ಸರಿಯೆಂದೇ ತೋರಿಸಿತು. “ಟೀ ಅಂಗ್ಡಿ ಏರಲ್ಲಿ ನಿಂತೋಯ್ತದೆ ಕಣವ್ವಾ” ಎಂದರು ತಿಮ್ಮಯ್ಯ. ಮಹದೇವಮ್ಮನವರು ಅವರ ಜೊತೆ ಆ ಏರಿನ ತನಕ ನಡೆದರು. ಕುರ್ಚಿ ನಿಂತ ತಕ್ಷಣ ಸೀಟಿನ ಕೆಳಗೆ ಕೈಯಾಡಿಸಿ, ಬ್ಯಾಟರಿಗಳನ್ನು ಕೂಡಿಸುವ ತಂತಿಯೊಂದು ತುದಿಯಲ್ಲಿ ಸುಡುತ್ತಿದ್ದುದನ್ನು ಬೆರಳಲ್ಲೇ ಹಿಡಿದರು. ಸಡಿಲಾದ ನಟ್ಟು, ಭಾರ ಬಿದ್ದಾಗ ಮಾತ್ರ ಕೈಕೊಡುತ್ತಿತ್ತು. ತುಕ್ಕು ಉಜ್ಜಿ, ಬಿಗಿ ಮಾಡಿ, ತಿಮ್ಮಯ್ಯನವರ ಜೊತೆ ಟೀ ಕುಡಿದು ಬಂದರು. ಹಿಂತಿರುಗುವ ಬಸ್ಸಿನಲ್ಲಿ ನಾನು ಅದನ್ನು ಅದೃಷ್ಟವೆಂದು ಲೆಕ್ಕ ಹಾಕಿದೆ.

ಇನ್ನು ನಾನು ಬರೆಯಲೇಬೇಕಾದದ್ದು ಹಳೇಬೀಡಿನ ವಿಷಯ. 2015ರ ಮಳೆಗಾಲದಲ್ಲಿ ಬ್ರಾಹ್ಮಿಯವರು ಅಲ್ಲಿನ ಖಾಸಗಿ ಶಾಲೆಯೊಂದರಲ್ಲಿ ಹಂಗಾಮಿ ಶಿಕ್ಷಕಿ. ಬಸದಿಯ ಹತ್ತಿರದ ಮನೆಯಿಂದ ಕೇಂದ್ರ ಕೊಟ್ಟ ಕುರ್ಚಿಯಲ್ಲೇ ಹೋಗಿ ಬರುತ್ತಿದ್ದರು. ಅದು ದಾರಿಯ ಮಧ್ಯೆ ನಿಲ್ಲತೊಡಗಿತು. ಹಿಂದಿನ ಮಳೆಗಾಲದಲ್ಲೂ ಹೀಗೇ ಆಗಿ ಹೊಸ ಬ್ಯಾಟರಿ ಹಾಕಿದ್ದೆವು. ಎರಡನೆಯ ಸಲವೂ ಅಜಾಗರೂಕತೆಯಿಂದ ಬ್ಯಾಟರಿ ಹಾಳಾದರೆ ಕುರ್ಚಿಯನ್ನು ಹಿಂಪಡೆದು ಪಟ್ಟಿಯಲ್ಲಿ ಮುಂದಿನವರಿಗೆ ಕೊಡುವುದು ಕೇಂದ್ರದ ನಿಯಮ. ಪರೀಕ್ಷಿಸಲು ಹೋದವನು ನಾನು. ಚಾರ್ಜರನ್ನು ಒಳಗಿನ ನಡುಮನೆಯ ಪ್ಲಗ್ಗಿಗೆ ಚುಚ್ಚಿದೆ, ಸರಿಯಾಗಿತ್ತು. ಬ್ಯಾಟರಿ ಅಳೆದೆ, ಬಹುಕಾಲ ಅರೆಹೊಟ್ಟೆಯಲ್ಲಿದ್ದು ಸತ್ತಿತ್ತು. “ಸರ್, ಒಂದಿನಾನೂ ಬಿಟ್ಟಿಲ್ಲ, ದಿನಾ ಚಾರ್ಜಿಗೆ ಹಾಕ್ತೀವಿ” ಎಂದರು ಬ್ರಾಹ್ಮಿ. ನಾನು ನಂಬಲಿಲ್ಲ. ‘ಬಳಕೆದಾರರ ನಿರ್ಲಕ್ಷ್ಯ’ ಎಂದು ಬರೆದು ನಾಲ್ಕು ಗಂಟೆಯ ಬಸ್ ಹಿಡಿದೆ.

ವರದಿಗೆ ರುಜು ಹಾಕುವ ಮುನ್ನ ಮಹದೇವಮ್ಮನವರು ಕೇಳಿದ್ದು ಒಂದೇ ಮಾತು: “ಸಂಜೆಗಂಟ ಕೂತಿದ್ಯಾ?” “ಕೂತಿದ್ದೆ ಮೇಡಂ” ಎಂದೆ. ಅವರು ನನ್ನನ್ನು ನಂಬಿ ರುಜು ಹಾಕಿದರು.

ಕುರ್ಚಿ ಹಿಂಪಡೆಯಲು ಜೀಪಿನಲ್ಲಿ ಹೋದವನೂ ನಾನೇ. ಬ್ರಾಹ್ಮಿಯವರು ಅಳಲಿಲ್ಲ, ಕುರ್ಚಿಯಿಂದ ಚಾಪೆಗೆ ಇಳಿದು, ಹಿಡಿಕೆಗೆ ತಾವೇ ಕಟ್ಟಿದ್ದ ಬಟ್ಟೆಯ ಚೀಲವನ್ನು ಬಿಚ್ಚಿಕೊಂಡು, “ನಾವು ಸುಳ್ಳು ಹೇಳೋ ಜನ ಅಲ್ಲ ಸರ್” ಎಂದರು. ಅವರ ತಾಯಿ ಧರ್ಮಾವತಿಯವರು ನನ್ನನ್ನೇ ನೋಡುತ್ತ ನಿಂತಿದ್ದರು. ಆ ನೋಟವನ್ನು ತಾಳಲಾರದೆ ನನ್ನ ಬಾಯಿಂದ ಬಂತು: “ನಾನೇನ್ ಮಾಡ್ಲಮ್ಮ, ಇದು ಮಹದೇವಮ್ಮ ಮೇಡಂ ಬರ್ದಿರೋದು. ನಾನು ಬೇಡ ಅಂದೆ.”

ಆ ಎರಡನೆಯ ವಾಕ್ಯವನ್ನು ಬರೆಯುವಾಗ ಈಗಲೂ ನನ್ನ ಕಿವಿ ಬಿಸಿಯಾಗುತ್ತಿದೆ. ಬ್ರಾಹ್ಮಿಯವರ ಕೆಲಸ ಮುಂದಿನ ತಿಂಗಳೇ ಹೋಯಿತು.

ಎರಡು ವರ್ಷವೂ ದೂರು ಮಳೆಗಾಲದಲ್ಲೇ ಬಂದಿರುವುದನ್ನು ರಿಜಿಸ್ಟರಿನಲ್ಲಿ ಗಮನಿಸಿದವರು ಮಹದೇವಮ್ಮನವರು. ಅಕ್ಟೋಬರಿನ ಒಂದು ಭಾನುವಾರ, ಯಾರಿಗೂ ಹೇಳದೆ, ಹಳೇಬೀಡಿಗೆ ಹೋದರು. ಮುಂದಿನದನ್ನು ನಾನು ಬ್ರಾಹ್ಮಿಯವರ ಬಾಯಿಂದಲೇ ಕೇಳಿದ್ದೇನೆ. ಬಾಗಿಲಲ್ಲೇ ಧರ್ಮಾವತಿಯವರು, “ನಮ್ ಹುಡುಗೀನ ಸುಳ್ಳುಗಾತಿ ಅಂತ ಬರ್ದೋರು ನೀವೇ ಏನ್ರೀ?” ಎಂದು ಕೇಳಿದರಂತೆ. ಮಹದೇವಮ್ಮನವರು ಚೀಲವನ್ನು ಬಾಗಿಲ ಬಳಿ ಇಟ್ಟು, “ಹೂಂ ತಾಯಿ, ತಪ್ಪಾಗೈತೆ. ಒಸಿ ಕೂತ್ಕೊಳ್ಳಾ?” ಎಂದರಂತೆ.

ಕೂತರು. ಚಾತುರ್ಮಾಸದ ದಿನಗಳು, ಜೈನರ ಆ ಮನೆಯಲ್ಲಿ ಹೊತ್ತು ಮುಳುಗುವ ಮೊದಲೇ ಊಟ. ಮಬ್ಬು ಕವಿದದ್ದರಿಂದ ಪಡಸಾಲೆಯ ದೀಪ ಹಾಕಿದ್ದರು. ಕುರ್ಚಿಯನ್ನು ದಿನವೂ ಚಾರ್ಜಿಗೆ ಹಾಕುತ್ತಿದ್ದ ಪಡಸಾಲೆಯ ಪ್ಲಗ್ಗಿಗೆ ಮಹದೇವಮ್ಮನವರು ತಮ್ಮ ಚೀಲದ ಟೆಸ್ಟ್ ಲ್ಯಾಂಪ್ ಚುಚ್ಚಿ ಕಾಯುತ್ತಿದ್ದರು. ಊಟ ಮುಗಿಸಿ ಬಂದ ಧರ್ಮಾವತಿಯವರು, ದೀಪಕ್ಕೆ ಹುಳು ಬಂದು ಸಾಯಬಾರದೆಂದು, ಮಳೆಗಾಲದಲ್ಲಿ ಎಂದಿನಂತೆ, ಸ್ವಿಚ್ಚು ಆರಿಸಿದರು. ಟೆಸ್ಟ್ ಲ್ಯಾಂಪೂ ಆರಿತು.

ಹಳೆಯ ವೈರಿಂಗಿನಲ್ಲಿ ಪ್ಲಗ್ಗಿಗೂ ದೀಪಕ್ಕೂ ಒಂದೇ ಸ್ವಿಚ್ಚು. ಬೇರೆ ತಿಂಗಳುಗಳಲ್ಲಿ ಪಡಸಾಲೆಯ ದೀಪ ಬೆಳಗಿನವರೆಗೂ ಉರಿಯುತ್ತಿತ್ತು, ಕುರ್ಚಿ ಹೊಟ್ಟೆ ತುಂಬಿಸಿಕೊಳ್ಳುತ್ತಿತ್ತು. ಈ ನಾಲ್ಕು ತಿಂಗಳು ಅರ್ಧ ಗಂಟೆಯೂ ಸಿಗುತ್ತಿರಲಿಲ್ಲ. ಬೆಳಿಗ್ಗೆ ಎದ್ದೊಡನೆ ದೀಪ ಆರಿಸುವುದು ಉಳಿದ ತಿಂಗಳೆಲ್ಲ ಇದ್ದ ರೂಢಿಯಾದ್ದರಿಂದ, ಆ ಹೊತ್ತಿಗೆ ಚಾರ್ಜರ್ ಆರಿರುವುದು ಯಾರಿಗೂ ಹೊಸದೆನಿಸಿರಲಿಲ್ಲ. ಒಂದು ಹುಳುವೂ ಸಾಯದಿರಲೆಂದು ದೀಪ ಆರಿಸುತ್ತಿದ್ದ ಮನೆಯ ಮೇಲೆ ನಾನು ನಿರ್ಲಕ್ಷ್ಯವೆಂದು ಬರೆದಿದ್ದೆ. ಒಂದು ಸಂಜೆ ಕೂತಿದ್ದರೆ ನನಗೂ ಕಾಣುತ್ತಿತ್ತು.

ಮರುದಿನ ಅವರು ನನ್ನನ್ನು ಬ್ಯಾಟರಿ ಕೋಣೆಗೆ ಕರೆದರು. ಬೈಗುಳಕ್ಕೆ ಸಿದ್ಧನಾಗಿ ಹೋದೆ. “ಇಂದ್ರೇಶಪ್ಪಾ, ನಾನೇ ಬರ್ದೆ ಅಂತ ಒಪ್ಕೊಂಡು ಬಂದಿವ್ನಿ. ನಿಂದಿನ್ನೂ ಪ್ರೊಬೇಷನ್ನು. ನಿಂಗ್ ಯಾವತ್ತು ಹೇಳ್ಬೇಕು ಅನ್ಸುತ್ತೋ ಅವತ್ತು ನೀನೇ ಹೇಳು” ಎಂದು ಹೇಳಿ ತಮ್ಮ ಕೆಲಸಕ್ಕೆ ತಿರುಗಿದರು. ರಿಜಿಸ್ಟರಿನಲ್ಲಿ ‘ಮನೆಯ ಪ್ಲಗ್ಗು ಪರೀಕ್ಷಿಸದೆ ತೀರ್ಮಾನಿಸಿದ್ದು ನನ್ನ ಲೋಪ’ ಎಂದು ಬರೆದು ಕುರ್ಚಿಯನ್ನು ಹಿಂದಕ್ಕೆ ಕೊಡಿಸಿದರು. ಅದಕ್ಕಾಗಿ ಆಡಳಿತ ಮಂಡಳಿ ಅವರನ್ನು ಎರಡು ವರ್ಷ ಮನೆಭೇಟಿಯಿಂದ ದೂರವಿಟ್ಟಿತು. ಜಗಲಿಗಳ ಮೇಲೆ ಕೂತು ಬದುಕಿದ್ದ ಹೆಂಗಸು ಕೌಂಟರಿನ ಹಿಂದೆ ಕೂತರು. ಅವರು ಹೋಗುತ್ತಿದ್ದ ಊರುಗಳಿಗೆಲ್ಲ ನಾನು ಹೋದೆ. ನನ್ನ ಕೆಲಸ ಕಾಯಂ ಆಯಿತು. ಕುರ್ಚಿ ಮರಳಿಸಿದ ದಿನ ಧರ್ಮಾವತಿಯವರು, “ನೀವಾದ್ರೂ ಅವತ್ತು ಬೇಡ ಅಂದಿದ್ರಲ್ಲ” ಎಂದು ಎಳನೀರು ಕೊಟ್ಟರು. ಕುಡಿದೆ.

ಹತ್ತು ವರ್ಷವಾಯಿತು. ಮಹದೇವಮ್ಮನವರು ಒಮ್ಮೆಯೂ ನೆನಪಿಸಲಿಲ್ಲ. ನನ್ನ ಊಟದ ಡಬ್ಬಿಯ ಮುಚ್ಚಳದಲ್ಲಿ ತಮ್ಮ ಮನೆಯ ಚಟ್ನಿ ಇಡುವುದನ್ನೂ ಬಿಡಲಿಲ್ಲ. ಈಗ ಬ್ರಾಹ್ಮಿಯವರು ಲೇಖನ ಕೇಳಿ ಬರೆದ ಪತ್ರದಲ್ಲಿ ಹೀಗಿದೆ: ‘ನನ್ನ ವಿರುದ್ಧ ಬರೆದವರು ಅವರೇ, ಮನೆಗೆ ಬಂದು ತಪ್ಪೊಪ್ಪಿಕೊಂಡವರೂ ಅವರೇ. ನಾನು ಕ್ಷಮಿಸಿದ ದಿನದಿಂದ ಅವರನ್ನು ಗೌರವಿಸುತ್ತ ಬಂದಿದ್ದೇನೆ.’

ಬ್ರಾಹ್ಮಿಯವರೇ, ನೀವು ಅವರಲ್ಲಿ ಕ್ಷಮಿಸಬೇಕಾದದ್ದು ಏನೂ ಇರಲಿಲ್ಲ. ಬರೆದವನು ನಾನು. ಬೇಡ ಅಂದೆನೆಂದು ಸುಳ್ಳು ಹೇಳಿದವನೂ ನಾನು. ಸಂಪಾದಕಿಯಾಗಿ ಈ ಲೇಖನದಲ್ಲಿ ಏನನ್ನು ಬೇಕಾದರೂ ಕತ್ತರಿಸಿ, ಈ ಮೂರು ವಾಕ್ಯಗಳನ್ನು ಮಾತ್ರ ಬಿಡಿ.

ಪೂಜ್ಯ ಮಹದೇವಮ್ಮನವರಿಗೆ ಆಯುಸ್ಸೂ ಆರೋಗ್ಯವೂ ತುಂಬಿರಲಿ. ಅವರ ಬೆರಳ ತುದಿಗೆ ಬಿಸಿ ತಂತಿ ಇನ್ನೂ ಬಹುಕಾಲ ತಿಳಿಯುತ್ತಿರಲಿ. ಯಾವ ಜಗಲಿಯೂ ಅವರಿಲ್ಲದೆ ಬಿಕೋ ಎನ್ನದಿರಲಿ. ಈ ಹಸ್ತಪ್ರತಿಯನ್ನು ನಾನು ಅಂಚೆಗೆ ಹಾಕುತ್ತಿಲ್ಲ. ಭಾನುವಾರ ನಾನೇ ಹಳೇಬೀಡಿಗೆ ತರುತ್ತೇನೆ. ಧರ್ಮಾವತಿಯವರು ಒಳಗೆ ಬಿಟ್ಟರೆ ಪಡಸಾಲೆಯಲ್ಲಿ ಮೊದಲು ಕೂರುತ್ತೇನೆ, ಅವರು ದೀಪ ಆರಿಸುವವರೆಗೂ.