ಅಕ್ಕನ ಕೆಂಪು ಕಳ್ಳಿ

ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ ಕೆಲಸ. ಒಮ್ಮೆ ಹಿತ್ತಲಿನ ಮಾವಿಗೆ ಕಸಿ ಕಟ್ಟಿದ್ದು ಅದು ಹೇಗೋ ಹತ್ತಿಬಿಟ್ಟಿತ್ತು. ಅದನ್ನು ನೆಂಟರ ಮನೆಗಳಲ್ಲೆಲ್ಲ ಹೇಳಿಕೊಂಡು ತಿರುಗಿದ್ದೇ ತಪ್ಪಾಯಿತು.

ಹಳೇಬೀಡಿಗೆ ಕೊಟ್ಟಿದ್ದ ನನ್ನಕ್ಕನ ಹತ್ತಿರ ಒಂದು ಕಳ್ಳಿ ಗಿಡವಿತ್ತು. ಹಸಿರು ಬೊಡ್ಡೆಯ ಮೇಲೆ ಟೊಮೇಟೊ ಕೂರಿಸಿದ ಹಾಗೆ ಒಂದು ಕೆಂಪು ಉಂಡೆ. ಆ ತುಂಬಿದ ಮನೆಯಲ್ಲಿ ಅವಳದು ಅಂತ ಇದ್ದದ್ದು ಅದೊಂದೇ. ಬೊಡ್ಡೆ ಕೊಳೆಯತೊಡಗಿದಾಗ ಅದನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ನನ್ನ ಹತ್ತಿರ ತಂದಳು. ಕೆಂಪು ಉಂಡೆ ತಾನಾಗಿ ಬದುಕುವುದಿಲ್ಲ, ಕೆಳಗಿನ ಹಸಿರೇ ಅದಕ್ಕೆ ಉಣಿಸಬೇಕು ಎಂದು ಮಾರಿದವನು ಹೇಳಿದ್ದನಂತೆ.

“ಮಾವಿಗೆ ಕಟ್ಟಿದೋನಿಗೆ ಇದೇನು ಮಹಾ. ಉಳಿಸ್ಕೊಡೋ,” ಎಂದಳು.

ಪಕ್ಕದ ಮನೆಯವರಿಂದ ಕಂಬದಂಥ ಕಳ್ಳಿಯಿದ್ದ ಕುಂಡವೊಂದನ್ನು ಕೇಳಿ ತಂದೆ. ಬ್ಲೇಡಿನಿಂದ ಅದರ ತಲೆ ಕೊಯ್ದೆ, ಉಂಡೆಯ ಬುಡವನ್ನೂ ಕೊಯ್ದೆ. ಎರಡರಿಂದಲೂ ನೀರು ಒಸರಿತು. ನಮ್ಮ ಮನೆಯಲ್ಲಿ ಯಾರ ಕೈ ಕೊಯ್ದರೂ ಮೊದಲು ಓಡುವುದು ಅರಿಶಿನದ ಡಬ್ಬಿಗೆ. ನಾನೂ ಹಾಗೇ ಎರಡು ಗಾಯಕ್ಕೂ ದಪ್ಪಗೆ ಅರಿಶಿನ ಮೆತ್ತಿ, ಒಂದರ ಮೇಲೊಂದು ಕೂರಿಸಿ, ಕುಂಡದ ಅಡಿಯಿಂದ ರಬ್ಬರ್ ಬ್ಯಾಂಡ್ ಎಳೆದು ಬಿಗಿದೆ.

ಅಲ್ಲಿಂದ ಶುರುವಾಯಿತು ಗೋಳು. ರಬ್ಬರ್ ಬ್ಯಾಂಡ್ ಜಾರುವುದು, ಉಂಡೆ ಮಂಚದ ಕೆಳಗೆ ಉರುಳುವುದು, ನಾನು ಮೊಣಕಾಲೂರಿ ಹುಡುಕುವುದು. ಕೂದಲಿನಂಥ ಮುಳ್ಳು ಬೆರಳಿಗೆ ಹೊಕ್ಕು, ಮಂಡಿಯಲ್ಲಿ ಕೊಬ್ಬರಿ ಮುಟ್ಟಿದರೂ ಚುರುಕ್ಕೆನ್ನುತ್ತಿತ್ತು. ಸಾಲದ್ದಕ್ಕೆ, ಹತ್ತಿದೆಯೋ ಇಲ್ಲವೋ ಎಂದು ದಿನಾ ಬೆಳಿಗ್ಗೆ ಎತ್ತಿ ನೋಡುತ್ತಿದ್ದೆ.

“ಅದಕ್ಕೇನು ಹಲ್ಲುನೋವೇನ್ರೀ, ದಿನಾ ಬಾಯಿ ತೆರೆಸಿ ನೋಡೋಕೆ?” ಎಂದು ನನ್ನ ಹೆಂಡತಿ ಕೇಳಿದಳು.

ಕೊನೆಗೊಂದು ದಿನ ಎತ್ತಿದಾಗ ವಿಷಯ ತಿಳಿಯಿತು. ಎರಡು ಗಾಯವೂ ಬೇರೆ ಬೇರೆಯಾಗಿ ಮಾಯ್ದಿದ್ದವು, ನಡುವೆ ಅರಿಶಿನ ಹಪ್ಪಳದಂತೆ ಒಣಗಿತ್ತು. ಅಂಟಬೇಕಾದವನ್ನು ನಾನೇ ಅಡ್ಡಗೋಡೆ ಹಾಕಿ ಬೇರೆ ಮಾಡಿದ್ದೆ. ಮತ್ತೆ ಕೊಯ್ದು ಕೂರಿಸಬಹುದಿತ್ತು. ಉಂಡೆ ಇನ್ನೂ ಕೆಂಪಗೇ ಇತ್ತು. ಆದರೆ ಅಷ್ಟರಲ್ಲಿ ನನಗೆ ಅದರ ಮುಖ ಕಂಡರಾಗುತ್ತಿರಲಿಲ್ಲ.

ಅಕ್ಕ ಬರುತ್ತಾಳೆಂದು ಸುದ್ದಿ ಬಂತು. ಒಂದು ಜಾಲಿ ಮುಳ್ಳನ್ನು ಬೊಡ್ಡೆಗೆ ಚುಚ್ಚಿ, ಅದರ ಮೇಲೆ ಉಂಡೆಯನ್ನು ಒತ್ತಿ ನಿಲ್ಲಿಸಿದೆ. ಬಂದವಳೇ ಹತ್ತಿತೇನೋ ಎಂದು ಕೇಳಿದಳು.

“ಹಿಡ್ಕೊಂಡೈತೆ ಕಣಕ್ಕ,” ಎಂದೆ.

ಅವಳ ಮುಖ ನೋಡಲಾಗದೆ, ಬಸ್ಸಿಗೆ ಹೊತ್ತಾಯಿತೆಂದು ನಾನೇ ಅವಸರ ಮಾಡಿ, ಕುಂಡ ಕೈಗಿತ್ತು ಕಳಿಸಿದೆ.

ಮುಂದೆ ಹಳೇಬೀಡಿಗೆ ಹೋದಾಗ, ನಾನು ಚಪ್ಪಲಿ ಬಿಡುವ ಮೊದಲೇ ಹೇಳತೊಡಗಿದಳು. ಬಸ್ಸು ಗುಂಡಿಗೆ ಇಳಿದಾಗ ಉಂಡೆ ಕಳಚಿ, ಯಾರದೋ ಕಾಲಡಿ ಸಿಕ್ಕಿ ಅಪ್ಪಚ್ಚಿಯಾಗಿತ್ತು.

“ನನ್ನಿಂದ ಹೋಯ್ತು ಕಣೋ. ಗಟ್ಟಿಯಾಗಿ ಹಿಡ್ಕೊಳ್ಳಲಿಲ್ಲ. ನೀನು ಮುಳ್ಳು ಬೇರೆ ಕೊಟ್ಟು ಭದ್ರ ಮಾಡಿದ್ದೆ.”

ಆಗಲಾದರೂ ಹೇಳಬೇಕಿತ್ತು.

“ಹೋಗ್ಲಿ ಬಿಡಕ್ಕ,” ಎಂದೆ, ದೊಡ್ಡ ಮನಸ್ಸು ಮಾಡಿ ಅವಳನ್ನು ಕ್ಷಮಿಸಿದವನ ಹಾಗೆ. ಅವಳು ಬಡಿಸಿದ್ದನ್ನು ಉಂಡು ಬಂದೆ.

ಬರಿಯ ಹಸಿರು ಬೊಡ್ಡೆಯನ್ನು ಅವಳು ಎಸೆಯಲಿಲ್ಲ. ಅದು ಪಕ್ಕದಲ್ಲಿ ಚಿಗುರಿ, ಈಗ ಕಿಟಕಿಯನ್ನೂ ಮೀರಿದೆ. ಬಂದವರಿಗೆಲ್ಲ ನನ್ನ ತಮ್ಮ ಕೊಟ್ಟಿದ್ದು ಎಂದು ತೋರಿಸುತ್ತಾಳೆ. ಹೋದಾಗಲೆಲ್ಲ ನೋಡುತ್ತೇನೆ, ಆ ಹಾಳು ಗಿಡಕ್ಕೆ ಸಾಯುವ ಲಕ್ಷಣವೇ ಇಲ್ಲ.