ಖಾದಿಗೊಂದು ಜೊತೆ

ಟೈಲರಣ್ಣನ ತುಟಿಗಳ ನಡುವೆ ಯಾವಾಗಲೂ ಗುಂಡುಸೂಜಿಗಳಿರುತ್ತಿದ್ದವು. ಎಡಗಡೆ ಒಂದು ಸಾಲು, ತಲೆಗಳು ಹೊರಗೆ, ಮೊನೆಗಳು ಒಳಗೆ. ಹಾಗೇ ಇಟ್ಟುಕೊಂಡು ಮಾತಾಡುತ್ತಿದ್ದರು, ನಗುತ್ತಿದ್ದರು, ಒಮ್ಮೊಮ್ಮೆ ಆಕಳಿಸಿಯೂ ಬಿಡುತ್ತಿದ್ದರು. ನೋಡುವವರ ಗಂಟಲು ಒಣಗಬೇಕೇ ಹೊರತು ಅವರಿಗೇನೂ ಆಗುತ್ತಿರಲಿಲ್ಲ. ರವಿಕೆ ಹೊಲಿಸಲು ಬಂದ ಹೆಂಗಸರು ಕುತ್ತಿಗೆ ಹೀಗಿರಲಿ, ತೋಳು ಹಾಗಿರಲಿ ಎಂದು ಹೇಳುವುದನ್ನೆಲ್ಲ ಹೇಳಿ ಮುಗಿಸಿದ ಮೇಲೆ ಆ ಸೂಜಿಗಳ ಹಿಂದಿನಿಂದ "ಹೂಂ" ಎಂಬ ಶಬ್ದವೊಂದು ಬರುತ್ತಿತ್ತು. ಅದು ಒಪ್ಪಿಗೆಯೋ ಬೇಸರವೋ ಅವರಿಗೆ ತಿಳಿಯುತ್ತಿರಲಿಲ್ಲ. ಪಕ್ಕದ ಅಂಗಡಿಯಲ್ಲಿ ಸೊಪ್ಪು, ತರಕಾರಿ ಮಾರಿಕೊಂಡು ವರ್ಷಗಟ್ಟಲೆ ಕೂತ ನನಗೂ ತಿಳಿಯುತ್ತಿರಲಿಲ್ಲ. ನಾನಾದರೋ ಮುಖ ಓದಿಯೇ ಅನ್ನ ಕಂಡವಳು. ಗಿರಾಕಿ ಬದನೆಕಾಯಿಯ ತೊಟ್ಟು ಮುಟ್ಟುವ ರೀತಿಯಲ್ಲೇ ಕೊಳ್ಳುತ್ತಾಳೋ, ಸುಮ್ಮನೆ ರೇಟು ವಿಚಾರಿಸಿಕೊಂಡು ಹೋಗುತ್ತಾಳೋ ಹೇಳಬಲ್ಲೆ. ಈ ಒಬ್ಬ ಮನುಷ್ಯರ ವಿಷಯದಲ್ಲಿ ಮಾತ್ರ ನನ್ನ ಲೆಕ್ಕಾಚಾರ ನಡೆಯಲಿಲ್ಲ.

ನಾನು ಮಂಡಕಳ್ಳಿ ಕಡೆಯ ಹಳ್ಳಿಯವಳು. ಮೊದಮೊದಲು ಬೆಳಗಿನ ಬಸ್ಸಿನಲ್ಲಿ ಸೊಪ್ಪಿನ ಬುಟ್ಟಿ ತಂದು ಸರಸ್ವತಿಪುರಂನಲ್ಲಿ ಅವರ ಅಂಗಡಿಯ ಮೆಟ್ಟಿಲ ಮೇಲೆ ಕೂರುತ್ತಿದ್ದೆ. ಒಂದು ದಿನ ಕಟ್ಟಡದ ಯಜಮಾನರು ಬಂದು ಏಳು ಎಂದರು. ಟೈಲರಣ್ಣ ಮಿಷನ್ ನಿಲ್ಲಿಸದೆ, ತಲೆಯೂ ಎತ್ತದೆ, "ನಮ್ಮೋಳೇ, ಬುಡಿ" ಅಂದರು. ನಾವಿಬ್ಬರೂ ಅಲ್ಲಿಯವರೆಗೆ ಒಂದು ಮಾತೂ ಆಡಿದವರಲ್ಲ. ಮುಂದೆ ಪಕ್ಕದ ಮಳಿಗೆ ಖಾಲಿಯಾದಾಗ ಬಾಡಿಗೆ ಮಾತಾಡಲು ನನ್ನನ್ನು ಕರೆದುಕೊಂಡು ಹೋದವರೂ ಅವರೇ. ದಾರಿಯಲ್ಲಿ ಹೇಳಿದ್ದು ಇಷ್ಟು: "ಅವರು ಬಾಡಿಗೆ ಹೇಳುದ್‌ಮೇಲೆ ನಿನ್ ಬಾಯಲ್ಲೂ ಪಿನ್ನು ಅದೆ ಅನ್ಕೊ. ತಗೀಬ್ಯಾಡ." ನಾನು ಬಾಯಿ ಬಿಡಲಿಲ್ಲ. ನನ್ನ ಮೌನ ತಡೆಯಲಾರದೆ ಯಜಮಾನರೇ ಬಾಡಿಗೆ ಇಳಿಸಿಕೊಂಡು ಬಂದರು. ವ್ಯಾಪಾರ ಶುರು ಮಾಡುವವರಿಗೆಲ್ಲ ನಾನು ಇಂದಿಗೂ ಇದನ್ನೇ ಹೇಳುತ್ತೇನೆ. ಬೆಲೆ ಕೇಳಿದ ಮೇಲೆ ಮೊದಲು ಮಾತಾಡಿದವರು ಕೆಟ್ಟರು.

ಅವರ ಕತ್ತರಿಸುವ ಮೇಜಿನ ಕೆಳಗೆ ಅಗಲವಾದ ಮರದ ಪೆಟ್ಟಿಗೆಯಲ್ಲಿ ಎರಡು ಗಿನಿಪಿಗ್‌ಗಳಿದ್ದವು. ಯಾರೋ ಗಿರಾಕಿ ಊರು ಬಿಡುವ ಮುಂಚೆ "ಸ್ವಲ್ಪ ದಿನ ನೋಡ್ಕೊಳಿ" ಎಂದು ಇಟ್ಟು ಹೋದವರು ಮತ್ತೆ ಬರಲೇ ಇಲ್ಲ. ಒರಟು ಕೂದಲಿನದಕ್ಕೆ ಖಾದಿ ಎಂದೂ ನುಣುಪಾದದ್ದಕ್ಕೆ ಮಲ್ಮಲ್ ಎಂದೂ ಟೈಲರಣ್ಣ ಹೆಸರಿಟ್ಟರು. ಎರಡೂ ಹೆಣ್ಣು. ನಾನು ಕೊತ್ತಂಬರಿ ಕಟ್ಟಿನ ನೀರು ಕೊಡವಿದರೆ ಸಾಕು, ಗೋಡೆಯಾಚೆಯಿಂದ ಕುಕ್ಕರಿನ ಹಾಗೆ ಸೀಟಿ ಹೊಡೆಯುತ್ತಿದ್ದವು. ಹೂಕೋಸಿನ ಹೊರಗಿನ ಎಲೆ, ಗರಿಕೆ, ದಪ್ಪ ಮೆಣಸಿನಕಾಯಿಯ ಚೂರು, ಎಲ್ಲ ನನ್ನಲ್ಲಿಂದಲೇ ಹೋಗುತ್ತಿತ್ತು. ನೀವೂ ಸಾಕುವ ಆಸೆ ಇಟ್ಟುಕೊಂಡಿದ್ದರೆ ಮೊದಲು ಸೊಪ್ಪಿನವರ ಸ್ನೇಹ ಮಾಡಿಕೊಳ್ಳಿ, ಆಮೇಲೆ ಪ್ರಾಣಿ ತನ್ನಿ.

"ಇದು ಹಂದೀನಾ ಇಲೀನಾ, ಟೈಲರಣ್ಣ?" ಎಂದು ಒಬ್ಬಾಕೆ ಸೆರಗು ಎತ್ತಿಕೊಂಡು ದೂರ ನಿಂತು ಕೇಳಿದರು.

"ಗೊತ್ತಿಲ್ಲ ಕಣಮ್ಮ. ನಾನೂ ಕೇಳ್ಲಿಲ್ಲ, ಅವೂ ಹೇಳ್ಲಿಲ್ಲ."

ಮಲ್ಮಲ್ ಒಂದು ಬೆಳಿಗ್ಗೆ ಸತ್ತು ಮಲಗಿತ್ತು. ಟೈಲರಣ್ಣ ಅದನ್ನು ಹೊಸ ಬಟ್ಟೆಯಲ್ಲಿ ಸುತ್ತಿ ಹಿಂದಿನ ಹೊಂಗೆ ಮರದ ಬುಡದಲ್ಲಿ ಹೂಳಿದರು. ಆಮೇಲೆ, ಸಾವಾದ ಮನೆಯಲ್ಲಿ ಎಲ್ಲರೂ ಮಾಡುವ ಹಾಗೆ, ಪೆಟ್ಟಿಗೆಯನ್ನು ಫಿನಾಯಿಲು ಹಾಕಿ ಉಜ್ಜಿ ತೊಳೆದು, ಅರಿಶಿನದ ನೀರು ಚಿಮುಕಿಸಿ, ಬಿಸಿಲಿಗೆ ಒಣಹಾಕಿ, ಹಾಸಿದ್ದ ಬಟ್ಟೆಯನ್ನೆಲ್ಲ ಎಸೆದರು. ಶುಚಿಯಾದ ಪೆಟ್ಟಿಗೆಗೆ ಬಿಟ್ಟ ಖಾದಿ ಮೂಲೆಮೂಲೆ ಮೂಸಿತು. ಮತ್ತೆ ಒಂದು ಸುತ್ತು ಮೂಸಿತು. ಆಮೇಲೆ ಕೂತಿತು. ತಿನ್ನಲಿಲ್ಲ.

ಪ್ರಾಣಿ ಡಾಕ್ಟರು ಹೇಳಿದ್ದು ಕೇಳಿ ನನಗೇ ಭಯವಾಯಿತು. ಇವು ತಿನ್ನುವುದು ನಿಲ್ಲಿಸಿದರೆ ಕರುಳೂ ನಿಲ್ಲುತ್ತದಂತೆ, ಹೆಚ್ಚು ದಿನ ತಡೆಯುವುದಿಲ್ಲವಂತೆ. ಸದ್ಯಕ್ಕೆ ಸಿರಿಂಜಿನಲ್ಲಿ ಅರೆದ ಸೊಪ್ಪನ್ನು ಕುಡಿಸಿ, ಬೇಗ ಒಂದು ಜೊತೆ ತನ್ನಿ ಎಂದರು. ನಾನು ಸುಮ್ಮನಿರುವವಳೇ? ಮೆಂತ್ಯ ಕೊಡಿ, ಕ್ಯಾರೆಟ್ಟಿನ ಎಲೆ ಕೊಡಿ, ಜಾಗ ಬದಲಿಸಿ ಎಂದು ದಿನಾ ಒಂದು ಉಪಾಯ ಹೇಳಿದೆ. ಯಾವುದೂ ನಡೆಯಲಿಲ್ಲ.

ಒಂದು ಮಧ್ಯಾಹ್ನ ಅವರು ನನ್ನ ಅಂಗಡಿಗೆ ಬಂದು ಈರುಳ್ಳಿ ಮೂಟೆಯ ಮೇಲೆ ಕೂತರು. ಬಾಯಲ್ಲಿ ಒಂದೂ ಸೂಜಿಯಿರಲಿಲ್ಲ. ಅವರ ತುಟಿಗಳನ್ನು ಬರಿದಾಗಿ ನೋಡಿದ್ದು ನಾನು ಅದೇ ಮೊದಲು.

"ಮಲ್ಮಲ್ ಹೋಗಿದ್ಕೆ ತಿನ್ನಾದ್ ಬುಡ್ತೋ ಅಮ್ಮಣ್ಣಿ, ನಾನು ವಾಸ್ನೆ ತೊಳದ್‌ಬುಟ್ಟೆ ಅಂತ ಬುಡ್ತೋ?"

"ತೊಳೀದೆ ಇರೋಕಾಗುತ್ತಾ ಅಣ್ಣ?"

"ನಮ್ಮನೆಯೋಳು ಹೋದಾಗ್ಲೂ ಹಿಂಗೇ ತೊಳದೆ. ಹಾಸಿಗೆ, ದಿಂಬು, ಬಚ್ಚಲು. ಎಲ್ರೂ ತೊಳಿ ಅಂದ್ರು, ತೊಳದೆ." ಮೂಟೆಯಿಂದ ಉದುರಿದ ಈರುಳ್ಳಿ ಸಿಪ್ಪೆಯೊಂದನ್ನು ಬೆರಳಲ್ಲಿ ಪುಡಿ ಮಾಡುತ್ತ, "ಇದಾದ್ರೂ ಉಳೀಬೇಕು" ಅಂದರು.

ಹತ್ತಿರದ ಪಿ.ಜಿ.ಯಲ್ಲಿದ್ದು ಓದುತ್ತಿದ್ದ ಒಬ್ಬಳು ಹುಡುಗಿ, ಜನ ಬಿಟ್ಟುಹೋದ ಪ್ರಾಣಿಗಳನ್ನು ತಂದು ಆರೈಕೆ ಮಾಡಿ ಮನೆ ಹುಡುಕಿ ಕೊಡುತ್ತಿದ್ದಳು. ಅವಳ ಬಳಿ ಒಂದು ಹೆಣ್ಣು ಗಿನಿಪಿಗ್ ಇತ್ತು. ಯಾರದೋ ಬಾಲ್ಕನಿಯಲ್ಲಿ ಗಿಳಿಯ ಪಂಜರದೊಳಗೆ ಒಂಟಿಯಾಗಿ ಬೆಳೆದದ್ದು. ಡಾಕ್ಟರು ನೋಡಿ ಕಾಯಿಲೆಯಿಲ್ಲ ಎಂದಿದ್ದರು. ಆದರೆ ಮನುಷ್ಯರ ಕೈ ಕಂಡರೆ ನಡುಗುತ್ತಿತ್ತು. ಅವಳು ಬುಟ್ಟಿ ತೆರೆದಾಗ ನಾನು ಮಾಲು ನೋಡುವ ಹಾಗೆ ಬಗ್ಗಿ ನೋಡಿದೆ.

"ಏನಮ್ಮ, ಬರೀ ಹಿಂಭಾಗ ತೋರಿಸ್ತದೆ. ಮುಖ ಎಲ್ಲೈತೆ?"

"ನಾಚಿಕೆ ಆಂಟಿ ಅದಕ್ಕೆ."

"ನಾಚ್ಕೊಂಡು ಕೂತ್ರೆ ಸಂಬಂಧ ಕುದುರೋದು ಎಂಗೆ?"

ಟೈಲರಣ್ಣ ಖಾದಿಯ ಕೆಳಗಿನ ಬಟ್ಟೆಯ ತುಂಡನ್ನು ಅದಕ್ಕೆ ಕಳಿಸಿ, ಅದರ ತುಂಡನ್ನು ಖಾದಿಯ ಪೆಟ್ಟಿಗೆಯಲ್ಲಿ ಹಾಸಿದರು. ವಾಸನೆಯ ಪರಿಚಯ ಮೊದಲಾಗಲಿ ಎಂದು ಹುಡುಗಿಯೇ ಹೇಳಿಕೊಟ್ಟ ಉಪಾಯ. ಖಾದಿ ಆ ಬಟ್ಟೆಯ ಮೇಲೆ ಉಚ್ಚೆ ಹೊಯ್ದಿತು. ಇದು ಒಪ್ಪಿಗೆಯೇ ಎಂದು ಟೈಲರಣ್ಣ ಕೇಳಿದರು. ಹುಡುಗಿ ಯೋಚಿಸಿ, ಇರಬಹುದು ಅಂದಳು. ನನಗಂತೂ ಹಾಗನ್ನಿಸಲಿಲ್ಲ.

ಮುಖಾಮುಖಿ ಮಾಡಿಸುವ ಜಾಗ ಎರಡರಲ್ಲಿ ಯಾವುದರದೂ ಆಗಿರಬಾರದು ಎಂದಳು ಹುಡುಗಿ. ಇದು ಮಾತ್ರ ನನಗೆ ಥಟ್ಟನೆ ಅರ್ಥವಾಯಿತು. ಸೈಟು ಮಾತುಕತೆಯನ್ನು ಯಾರೂ ಕೊಳ್ಳುವವರ ಮನೆಯಲ್ಲೋ ಮಾರುವವರ ಮನೆಯಲ್ಲೋ ಮಾಡುವುದಿಲ್ಲ, ಹೋಟೆಲಿನಲ್ಲಿ ಮಾಡುತ್ತಾರೆ. ನನ್ನ ಅಂಗಡಿಯಲ್ಲೇ ಆಗಲಿ ಎಂದೆ. ಮಧ್ಯಾಹ್ನ ಷಟರ್ ಅರ್ಧ ಇಳಿಸಿ, ನೆಲ ಒರೆಸಿ, ನಡುವೆ ಗರಿಕೆಯನ್ನೂ ಕೊತ್ತಂಬರಿಯನ್ನೂ ರಾಶಿ ಹಾಕಿದೆ. ರಕ್ತ ಬಂದ ಹೊರತು ಯಾರೂ ಕೈ ಹಾಕಬಾರದು, ನಡುವೆ ಬಿಡಿಸಿದರೆ ಮತ್ತೆ ಸೇರುವುದು ಇನ್ನೂ ಕಷ್ಟ ಎಂದು ಹುಡುಗಿ ನಮ್ಮಿಬ್ಬರಿಗೂ ಹೇಳಿದಳು.

ಖಾದಿಯನ್ನು ಬಿಟ್ಟೆವು. ಎಲುಬು ಕೈಗೆ ಸಿಗುವಷ್ಟು ಸೊರಗಿತ್ತು. ಬುಟ್ಟಿಯನ್ನು ಓರೆ ಮಾಡಿದಾಗ ಹೊಸತು ಜಾರಿ ಬಂದು, ಬಂದಲ್ಲೇ ಕಲ್ಲಾಯಿತು. ಖಾದಿ ಸೊಂಟ ಆಡಿಸುತ್ತ, ಮಿಷನ್ನಿನ ಮೋಟಾರಿನಂತೆ ಗುರ್ ಎನ್ನುತ್ತ ಅದರ ಸುತ್ತ ತಿರುಗಿತು.

"ಸಂತೋಷಾನಾ?" ನಾನು ಕೇಳಿದೆ.

"ಇರಬಹುದು ಆಂಟಿ. ಜಗಳಕ್ಕೆ ಮುಂಚೇನೂ ಹೀಗೇ ಮಾಡ್ತವೆ."

"ಓದಿರೋಳು ನೀನು. ಒಂದು ಹೇಳು."

"ಓದಿರೋದ್ರಲ್ಲಿ ಎರಡೂ ಬರೆದಿದಾರೆ ಆಂಟಿ."

ಅಷ್ಟರಲ್ಲಿ ಖಾದಿ ಹಲ್ಲು ಕಟಕಟಿಸಿ ನುಗ್ಗಿತು. ಹೊಸತು ಕಿರುಚಿಕೊಂಡು ಆಲೂಗಡ್ಡೆ ಚೀಲದ ಸಂದಿಗೆ ಓಡಿತು. ಖಾದಿ ಹೋಗಿ ಹಿಂದಿನಿಂದ ಕಚ್ಚಿತು. ಕೂದಲು ಹಾರಿತು, ರಕ್ತವಿಲ್ಲ. ನನ್ನ ಪ್ರಕಾರ ವ್ಯಾಪಾರ ಮುರಿದುಬಿದ್ದಿತ್ತು. ಎತ್ತಿಕೊಳ್ಳಿ ಎಂದು ಹೇಳಲು ಟೈಲರಣ್ಣನ ಕಡೆ ತಿರುಗಿದೆ. ಅವರು ಕೊರಳಿನ ಅಳತೆ ಟೇಪು ತೆಗೆದು ನನ್ನ ಮುಂದೆ ಹಿಡಿದಿದ್ದರು.

"ಕೈ ಕಟ್ಟು, ಅಮ್ಮಣ್ಣಿ."

"ಏನು?"

"ನನ್ ಕೈ ಸುಮ್ಕಿರಲ್ಲ. ಈಗ ಎತ್ಕೊಂಬುಡ್ತೀನಿ. ಎತ್ಕೊಂಡ್ರೆ ಇವಳು ಒಂಟಿಯಾಗೇ ಸಾಯ್ತಾಳೆ. ಕಟ್ಟು."

ಬೆನ್ನ ಹಿಂದೆ ಅವರ ಮಣಿಕಟ್ಟುಗಳಿಗೆ ಟೇಪು ಸುತ್ತಿ ಗಂಟು ಹಾಕಿದೆ. ವಯಸ್ಸಾದ ಮನುಷ್ಯರು, ಕೈ ಕಟ್ಟಿಸಿಕೊಂಡು, ಕಣ್ಣು ನೆಲದಲ್ಲಿ ನೆಟ್ಟು ನಿಂತರು. ಆಚೆ ಯಾರೋ ಬಗ್ಗಿ "ಟೊಮ್ಯಾಟೊ ಇದೆಯಾ?" ಅಂದರು. ಒಳಗಿನ ದೃಶ್ಯ ಕಂಡು ಬಂದ ದಾರಿ ಹಿಡಿದರು.

ಎಷ್ಟು ಹೊತ್ತಾಯಿತೋ. ಚೀಲದ ಸಂದಿಯಿಂದ ಹೊಸದರ ಮೂತಿ ನಿಧಾನ ಹೊರಬಂದಿತು. ಕತ್ತು ಚಾಚಿ, ರಾಶಿಯ ಅಂಚಿನಿಂದ ಕೊತ್ತಂಬರಿಯ ಒಂದು ಕಡ್ಡಿಯನ್ನು ಎಳೆಯಿತು. ಖಾದಿ ತಿರುಗಿ ನೋಡಿತು. ಓಡಿಬಂದು ಅದೇ ಕಡ್ಡಿಯ ಇನ್ನೊಂದು ತುದಿ ಹಿಡಿದು ಕಿತ್ತುಕೊಂಡಿತು. ಕಿತ್ತುಕೊಂಡದ್ದನ್ನು ಕಚಕಚನೆ ತಿಂದಿತು. ಆಮೇಲೆ ರಾಶಿಯ ಮೇಲೆಯೇ ಹತ್ತಿ ಕೂತು, ಇನ್ನೊಬ್ಬಳಿಗೆ ಒಂದೆಲೆಯೂ ಸಿಗದ ಹಾಗೆ ಗಬಗಬ ತಿನ್ನತೊಡಗಿತು.

ಹುಡುಗಿ ಕಣ್ಣೊರೆಸಿಕೊಂಡಳು. "ಇದು ಪ್ರೀತಿ ಅಲ್ಲ ಕಣಮ್ಮ, ಹೊಟ್ಟೆಕಿಚ್ಚು" ಅಂದೆ. ಎದುರಿಗೆ ಇನ್ನೊಂದು ಸೊಪ್ಪಿನ ಗಾಡಿ ಬಂದು ನಿಂತ ದಿನದಿಂದಲೇ ನಾನು ಬೆಳಿಗ್ಗೆ ಬೇಗ ಏಳಲು ಕಲಿತದ್ದು. ಈ ರೋಗ ನನಗೆ ಗೊತ್ತು.

"ಎಂಥದೋ ಒಂದು, ತಿಂತಾವಳಲ್ಲ, ಬುಡು," ಅಂದರು ಟೈಲರಣ್ಣ. ಟೇಪು ಬಿಚ್ಚುವಾಗ ಅವರ ಬೆರಳುಗಳು ತಣ್ಣಗಿದ್ದವು. ಖಾದಿಯನ್ನೇ ನೋಡುತ್ತ ಕೇಳಿದರು: "ಮಲ್ಮಲ್‌ನ ಮರೆತಂಗಾಯ್ತಾ, ಅಮ್ಮಣ್ಣಿ?"

ನಾನು ಟೇಪನ್ನು ನೀವಿ ಅವರ ಕೊರಳಿಗೆ ಮತ್ತೆ ಹಾಕಿದೆ. ತಿನ್ನುತ್ತಿರುವುದು ಖಾದಿ, ಆದರೆ ಕೇಳಿದ್ದು ಖಾದಿಯ ವಿಷಯವೋ ಅಲ್ಲವೋ ತಿಳಿಯಲಿಲ್ಲ.

ಹೊಸದಕ್ಕೆ ಲೈನಿಂಗ್ ಎಂದು ಹೆಸರಿಟ್ಟರು. ರವಿಕೆಯ ಒಳಪದರದ ಬಟ್ಟೆಯ ಹಾಗೆ ಯಾವಾಗಲೂ ಖಾದಿಯ ಹಿಂದೆ ಅಂಟಿಕೊಂಡು ಅರ್ಧ ಮುಚ್ಚಿಹೋಗಿರುತ್ತಿತ್ತು. ಅವೆರಡೂ ಸ್ನೇಹಿತರಾದವೇ? ನಾನು ಎಷ್ಟು ನೋಡಿದರೂ ಹೇಳಲಾರೆ. ಮಲಗುವಾಗ ಒಂದು ಆ ಕಡೆ ಮುಖ, ಒಂದು ಈ ಕಡೆ ಮುಖ, ಬೆನ್ನು ಮಾತ್ರ ತಾಗಿಕೊಂಡಿರುತ್ತಿತ್ತು. ತಿನ್ನುವಾಗ ಪ್ರತಿಸಲವೂ ಕಿತ್ತಾಟ. ಟೈಲರಣ್ಣನ ಬಾಯಿಗೆ ಸೂಜಿಗಳು ಮರಳಿದವು.

ಅವರು ಹೋದದ್ದು ಈ ವರ್ಷ ದಸರಾ ಕಳೆದ ಮೇಲೆ. ಹಿಂದಿನ ಸಂಜೆ ನನ್ನ ಸೊಸೆಯ ರವಿಕೆಗೆ ಕೊಕ್ಕೆ ಹಾಕಿ ಕೊಟ್ಟಿದ್ದರು, ಬೆಳಿಗ್ಗೆ ಅಂಗಡಿ ತೆರೆಯಲಿಲ್ಲ. ಎದೆ ನಿಂತುಹೋಗಿತ್ತು ಎಂದರು. ತಮ್ಮನ ಮನೆಯವರು ಬಂದು ಮಿಷನ್ನು, ಮೇಜು ಸಾಗಿಸಿದರು. ಪೆಟ್ಟಿಗೆ ಏನು ಮಾಡೋದು ಎಂದು ಕೇಳಿದರು. ನಾನು ತೆಗೆದುಕೊಂಡೆ.

"ಸಾವಿನ ಮನೇದು, ತೊಳೆದು ಒಳಗೆ ತಗೊಳ್ಳಿ" ಎಂದು ಗಿರಾಕಿಯೊಬ್ಬರು ಬುದ್ಧಿ ಹೇಳಿದರು. ನಾನು ತೊಳೆಯಲಿಲ್ಲ. ಅವರು ಹಾಸಿದ ಬಟ್ಟೆಯ ಚೂರುಗಳನ್ನು ಹಾಗೇ ಬಿಟ್ಟೆ.

ಆದರೂ ಅವು ತಿನ್ನಲಿಲ್ಲ. ಎರಡೂ ಷಟರಿನ ಕಡೆ ಮೂತಿ ಮಾಡಿ ಕೂತವು. ಓದು ಮುಗಿಸಿ ಊರಿಗೆ ಹೋಗಿದ್ದ ಹುಡುಗಿಗೆ ಫೋನು ಮಾಡಿದೆ. "ಒಂದಕ್ಕೊಂದು ಜೊತೆ ಇದೆಯಲ್ಲ ಆಂಟಿ, ತಿಂತಾವೆ" ಅಂದಳು. ಜೊತೆಯೇನೋ ಇದೆ. ಹೋದವರ ಜಾಗಕ್ಕೆ ಯಾರನ್ನು ತರಲಿ? ಈ ಊರಿನ ಎಲ್ಲ ಮಂಡಿಗಳಲ್ಲೂ ಚೌಕಾಶಿ ಮಾಡಿದವಳು ನಾನು, ಇದನ್ನು ಎಲ್ಲಿ ಹೋಗಿ ಕೇಳುವುದೆಂದು ಗೊತ್ತಾಗಲಿಲ್ಲ.

ಮಧ್ಯಾಹ್ನ ಷಟರ್ ಅರ್ಧ ಇಳಿಸಿ ಪೆಟ್ಟಿಗೆಯ ಮುಂದೆ ನೆಲದ ಮೇಲೆ ಕೂತೆ. ಅದರ ಬಾಗಿಲು ತೆರೆದಿಟ್ಟೆ. ಒಂದು ಕಟ್ಟು ಕೊತ್ತಂಬರಿ ಮಡಿಲಲ್ಲಿ ಹಾಕಿಕೊಂಡು, ಬೇರೇನೂ ತೋಚದೆ, ನಾನೇ ಹಸಿಹಸಿಯಾಗಿ ಅಗಿಯತೊಡಗಿದೆ. ಅವುಗಳ ಕಡೆ ನೋಡದೆ, ಎಲ್ಲ ನನಗೇ ಎಂಬಂತೆ ತಿಂದೆ. ಕಟ್ಟು ಅರ್ಧವಾದರೂ ನಿಲ್ಲಿಸಲಿಲ್ಲ.

ಮೊದಲು ಬಂದದ್ದು ಲೈನಿಂಗ್. ಯಾರ ಮುಂದೆಯೂ ಬಾರದ ಲೈನಿಂಗ್. ನನ್ನ ಬೆರಳಿನವರೆಗೂ ನಡುಗುತ್ತ ಬಂದು, ನಾನು ಹಿಡಿದಿದ್ದ ಕಡ್ಡಿಯ ತುದಿಯನ್ನು ಹಲ್ಲಲ್ಲಿ ಕಚ್ಚಿ ಎಳೆಯಿತು. ಅದರ ಹಿಂದೆ ಖಾದಿ ಎದ್ದು ನಿಂತ ಸದ್ದಾಯಿತು. ಹಸಿವಿಗೆ ಬಂದವೋ, ಕಿಚ್ಚಿಗೆ ಬಂದವೋ, ಇವಳೊಬ್ಬಳೇ ಕೂತು ತಿನ್ನುತ್ತಿದ್ದಾಳೆ ಎಂದು ಬಂದವೋ ನನಗೆ ತಿಳಿಯದು. ಕಡ್ಡಿಯ ಇನ್ನೊಂದು ತುದಿಯನ್ನು ಮಾತ್ರ ನಾನು ಬಿಡಲಿಲ್ಲ.