ಹಸಿದ ಕೌದಿ

ಮೆಂಬರನ ಸತ್ತ ತಾಯಿಯ ಸೀರೆಗಳನ್ನು ನಾನು ಕತ್ತರಿಸಿದ್ದು ಬಹಳ ಖುಷಿಯಿಂದ. ಸುಳ್ಳು ಯಾಕೆ ಹೇಳಲಿ?

ನಾವು ಹಳೆ ಸೀರೆಗಳಿಂದ ಕೌದಿ ಹೊಲಿಯುವ ಅಲೆಮಾರಿಗಳು. ಗಜೇಂದ್ರಗಡದ ಗುಡ್ಡದ ಬುಡದ ಗುಡಾರದಲ್ಲೇ ನಾನೂ ತಂಗಿಯೂ ಹುಟ್ಟಿದ್ದು. ಆದರೆ ಕಾಗದದ ಮೇಲೆ ನಾವು ಎಲ್ಲಿಯೂ ಹುಟ್ಟಿಲ್ಲ. ಆಧಾರ್ ಇಲ್ಲ, ರೇಷನ್ ಕಾರ್ಡ್ ಇಲ್ಲ.

ತಂಗಿಗೆ ಎಚ್‌ಐವಿ ಇದೆಯೆಂದು ಗೊತ್ತಾಗುವ ಹೊತ್ತಿಗೆ ಅವಳ ಗಂಡ ಮಣ್ಣಾಗಿದ್ದ. ದಿನಾ ತಪ್ಪದೆ ಗುಳಿಗೆ ನುಂಗಿದರೆ ಎಲ್ಲರಂತೆ ಬದುಕುತ್ತಾಳೆ ಎಂದರು ಡಾಕ್ಟರು. ಗುಳಿಗೆ ಕೊಡುವ ಕಿಟಕಿಯಲ್ಲಿದ್ದವಳು ಮಾತ್ರ, "ಆಧಾರ್ ಇಲ್ಲಂದ್ರ ನಿಮ್ಮ ವಾರ್ಡ್ ಮೆಂಬರ್ ಕಡಿಂದ ಚೀಟಿ ತಗೊಂಡ್ ಬಾ. ನಾಳೆ ಯಾವ ಊರಿಗೆ ಹೋಗ್ತೀರೋ ಯಾರಿಗೆ ಗೊತ್ತು" ಎಂದು ತಿರುಗಿ ಕಳಿಸಿದಳು.

ಮೆಂಬರ್ ಕಟ್ಟೆಯ ಮೇಲೆ ಗೆಳೆಯರೊಡನೆ ಚಹಾ ಕುಡಿಯುತ್ತಿದ್ದ. ನಾನು ಮೆಲ್ಲಗೆ ವಿಷಯ ಹೇಳಿದೆ. ಅವನು ಓಣಿಗೆಲ್ಲ ಕೇಳುವಂತೆ, "ಏಡ್ಸ್ ಐತೇನ ನಿನ್ನ ತಂಗಿಗೆ? ದೂರ ಸರಿ ಮೊದಲ! ಊರಿಲ್ಲ ಕೇರಿಲ್ಲ, ಇಂಥವ್ರಿಗೆ ನಾ ಸಹಿ ಮಾಡಬೇಕಂತ" ಎಂದ. ಎಲ್ಲರೂ ನಕ್ಕರು. ಮರುದಿನ ಬೋರಿನ ಹತ್ತಿರ ತಂಗಿಯ ಕೊಡ ಇಡಗೊಡಲಿಲ್ಲ. ಅವಳು ಜ್ವರದಲ್ಲಿ ಸುಡುತ್ತಿದ್ದಳು. ಅವನ ಬಾಯಿಗೆ ಹುಳ ಬೀಳಲಿ ಎಂದು ಶಪಿಸಿದೆ. ಬೀಳಲಿಲ್ಲ.

ಒಂದು ವಾರಕ್ಕೆ ಅವನ ಹೆಂಡತಿಯೇ ಸೀರೆಗಂಟು ಹೊತ್ತು ಬಂದಳು. ನಾನು ಯಾರೆಂದು ಅವಳಿಗೆ ಗೊತ್ತಿರಲಿಲ್ಲ. "ತೀರಿಕೊಂಡ ನಮ್ಮ ಅತ್ತಿ ಸೀರಿ ಇವು. ನಮ್ಮನೆಯವ್ರಿಗೆ ಹೊದಿಯಾಕ ಕೌದಿ ಮಾಡಿಕೊಡವಾ. ಅವ್ವನ ಸೀರಿ ಅಂದ್ರ ಅವ್ರಿಗೆ ಜೀವ" ಎಂದಳು.

ಕೊನೆಯ ಮೂಲೆ ಮುಚ್ಚುವ ಮೊದಲು ಆ ಮನೆಯ ಹೋಳಿಗೆಯ ತುಂಡು ಒಳಗಿಟ್ಟು ಹೊಲಿಯುವುದು ನಮ್ಮ ಪದ್ಧತಿ. ಬಾಯಿ ತೆರೆದ ಕೌದಿಯನ್ನು ಯಾರೂ ಮನೆಯೊಳಗೆ ಒಯ್ಯುವುದಿಲ್ಲ. ಹೋಳಿಗೆ ಇಡದ ಹಸಿದ ಕೌದಿಯಂತೂ ಹೊದ್ದವರ ನಿದ್ದೆ ತಿನ್ನುತ್ತದೆ ಎನ್ನುತ್ತಾರೆ. ಒಂದು ಮೂಲೆ ಬಿಟ್ಟು ಉಳಿದದ್ದನ್ನೆಲ್ಲ ಹೊಲಿದು, ಮೆಂಬರೇ ಬಂದು ಒಯ್ಯಲಿ ಎಂದು ಹೇಳಿಕಳಿಸಿದೆ.

ಹೋಳಿಗೆಯ ಡಬ್ಬಿ ಹಿಡಿದು ಬಂದ. ನನ್ನ ಮುಖ ನೋಡಿ, "ನೀನಾ!" ಎಂದ.

"ಹೌದ್ರಿ, ನಾನ. ತಂಗಿಗೆ ಗುಳಿಗಿ ಸಿಗೂತನಕ ಇದರ ಬಾಯಿ ಮುಚ್ಚಂಗಿಲ್ಲ."

"ಪೊಲೀಸ್ರನ್ನ ಕರೀತೀನಿ ನೋಡು!"

"ಕರೀರಿ. ಅವ್ರಿಗೆ ಹೊಲಿಯಾಕ ಬರತೈತೇನ್ರಿ?"

ಅವನು ತಾಯಿಯ ಹಸಿರು ಸೀರೆಯ ತುಂಡನ್ನು ಸವರುತ್ತ ನಿಂತ. ಆಮೇಲೆ ನಮ್ಮ ಹಿಂದೆ ದವಾಖಾನೆಗೆ ಬಂದ, ಚೀಟಿಗೆ ಸಹಿ ಹಾಕಿದ. ನನಗೆ ಅಷ್ಟು ಸಾಲಲಿಲ್ಲ. "ನಾವು ಯಾವ ಊರವ್ರಂತ ಬಾಯಿಲೆ ಹೇಳ್ರಿ" ಎಂದೆ. ಏನೋ ಗೊಣಗಿದ. "ಕೇಳಸವಲ್ದರಿ! ಅವತ್ತು ಓಣಿಗೆಲ್ಲ ಕೇಳಿಸಿತ್ತಲ್ಲ?"

"ಇವರು ನಮ್ಮೂರವ್ರು!" ಎಂದು ಕೂಗಿದ. ಸಾಲಿನಲ್ಲಿದ್ದವರೆಲ್ಲ ತಿರುಗಿ ಅವನನ್ನೇ ನೋಡಿದರು. ನನ್ನ ಹೊಟ್ಟೆ ತಣ್ಣಗಾಯಿತು.

ಗುಳಿಗೆ ಕೊಟ್ಟವರು, ಏನಾದರೂ ತಿಂದು ನುಂಗಬೇಕು ಎಂದಿದ್ದರು. ಗುಡಾರದಲ್ಲಿ ಬೇರೇನೂ ಇರಲಿಲ್ಲ. ಡಬ್ಬಿಯ ಹೋಳಿಗೆಯನ್ನೆಲ್ಲ ತಂಗಿಗೆ ತಿನ್ನಿಸಿ, ಕೌದಿಯ ಬಾಯಿಯನ್ನು ಏನೂ ಇಡದೆ ಹಾಗೇ ಹೊಲಿದೆ.

ಒಯ್ಯುವಾಗ ಅವನು, "ಹೋಳಿಗಿ ಇಟ್ಟೀ ಹೌದಿಲ್ಲೋ?" ಎಂದು ಕೇಳಿದ.

"ಇಟ್ಟೀನ್ರಿ" ಎಂದೆ.

ತಂಗಿ ಈಗ ಬೋರಿನಿಂದ ತಾನೇ ಕೊಡ ಹೊತ್ತು ತರುತ್ತಾಳೆ. ಮಲಗಿದರೆ ಗೊರಕೆ. ಮೊನ್ನೆ ಸಂತೆಯಲ್ಲಿ ಮೆಂಬರನ ಹೆಂಡತಿ ಸಿಕ್ಕು, "ಇವ್ರಿಗೆ ನಿದ್ದೀನ ಬರವಲ್ದು ನೋಡವಾ" ಎಂದಳು.

"ಅಯ್ಯ, ಪಾಪ" ಎಂದೆ. ಆ ಮೂಲೆ ಬಿಚ್ಚುವ ಮನಸ್ಸು ನನಗಿನ್ನೂ ಬಂದಿಲ್ಲ.